ದಮ್ಮು ಇರುವವರು ಕೂರಬೇಕೇ, ನಡೆಯಬೇಕೇ?

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಹೊಟ್ಟಿನ ಒಲೆಯ ಮುಂದೆ ನಿಂತ ನನ್ನ ಸೋದರಮಾವನಿಗೆ ದಮ್ಮು (ಹೊಗೆಗೆ ಶ್ವಾಸಕೋಶ ಹಾಳಾಗಿ ಉಸಿರು ಕಟ್ಟುವ ರೋಗ, ವೈದ್ಯರ ಮಾತಿನಲ್ಲಿ ಸಿಒಪಿಡಿ) ಅಂಟಿಕೊಂಡಾಗ ನಾವು ಮಾಡಿದ ಮೊದಲ ಕೆಲಸ, ಅವರನ್ನು ಕುರ್ಚಿಯಲ್ಲಿ ಕೂರಿಸಿದ್ದು. ಬೀಡಿ ಬಿಡಿಸಿದೆವು, ಅದು ಸರಿ. ಜೊತೆಗೆ ಓಡಾಟವನ್ನೂ ಬಿಡಿಸಿದೆವು. ನೀರಿನ ತಂಬಿಗೆಯೂ ಕೂತಲ್ಲಿಗೇ ಹೋಗುತ್ತಿತ್ತು. ವರ್ಷ ತುಂಬುವುದರೊಳಗೆ ಬಚ್ಚಲಿಗೆ ಹೋಗಿ ಬರುವಾಗ ಗೋಡೆ ಹಿಡಿದು ನಿಲ್ಲುವಂತಾದರು. ರೋಗ ಬಲಿತಿದೆ ಎಂದುಕೊಂಡೆವು. ಅದರಲ್ಲಿ ನಮ್ಮ ಕಾಳಜಿಯ ಪಾಲೂ ಇತ್ತು ಎಂದು ತಿಳಿದದ್ದು ತಡವಾಗಿ.

ವೈದ್ಯಶಾಸ್ತ್ರವೂ ಬಹುಕಾಲ ಹೀಗೇ ಮಾಡಿತು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಇಂಥ ರೋಗಿಗಳಿಗೆ ವಿಶ್ರಾಂತಿಯೇ ಮದ್ದು. ಓಡಾಡಿದರೆ ಹೃದಯಕ್ಕೆ ಹೊರೆಯಾದೀತು ಎಂಬ ಆ ಭಯಕ್ಕೆ ಆಧಾರವಿಲ್ಲದೆ ಇರಲಿಲ್ಲ.

ಹೃದಯದ ಬಲಭಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಎಡಭಾಗ ಇಡೀ ದೇಹಕ್ಕೆ ಕಳಿಸುವುದೂ ಅಷ್ಟೇ ರಕ್ತವನ್ನು. ಆದರೆ ದೇಹದ ಅಪಧಮನಿಗಳಲ್ಲಿ ಸರಾಸರಿ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರ್ ಇದ್ದರೆ, ಶ್ವಾಸಕೋಶದಲ್ಲಿ ಬರೀ 14ರಷ್ಟು. ಆರೋಗ್ಯವಂತನೊಬ್ಬ ಚಿತ್ರದುರ್ಗದ ಕೋಟೆಯ ಮೆಟ್ಟಿಲನ್ನು ಬಿರುಸಾಗಿ ಹತ್ತಿದಾಗ ರಕ್ತದ ಹರಿವು ಎರಡು ಮೂರು ಪಟ್ಟು ಏರಿದರೂ ಈ ಒತ್ತಡ ಹೆಚ್ಚು ಏರುವುದಿಲ್ಲ. ಭದ್ರಾ ನಾಲೆಗೆ ನೀರು ಹೆಚ್ಚು ಬಿಟ್ಟಾಗ ಉಪನಾಲೆಗಳ ತೂಬುಗಳನ್ನೆಲ್ಲ ತೆರೆದ ಹಾಗೆ, ಶ್ವಾಸಕೋಶದಲ್ಲಿ ಮುಚ್ಚಿಕೊಂಡಿದ್ದ ಲೋಮನಾಳಗಳು, ಅಂದರೆ ಅತಿ ಸಪೂರ ರಕ್ತನಾಳಗಳು, ತೆರೆದುಕೊಳ್ಳುತ್ತವೆ, ತೆರೆದಿದ್ದವು ಹಿಗ್ಗುತ್ತವೆ.

ಸಿಒಪಿಡಿ ಬಂದವರಲ್ಲಿ ಈ ಉಪನಾಲೆಗಳೇ ಕಡಿಮೆಯಾಗಿರುತ್ತವೆ. ಗಾಳಿಚೀಲಗಳ ಗೋಡೆ ಹರಿದಾಗ ಅದರಲ್ಲಿದ್ದ ಲೋಮನಾಳವೂ ಹೋಗುತ್ತದೆ. ಆಮ್ಲಜನಕ ಸಾಲದ ಕಡೆ ರಕ್ತನಾಳಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ, ವರ್ಷಗಳು ಕಳೆದಂತೆ ಅವುಗಳ ಗೋಡೆ ದಪ್ಪವಾಗುತ್ತದೆ. ಇದರ ಮೇಲೆ, ಬೇಗ ಬೇಗ ಉಸಿರಾಡುವಾಗ ಒಳಗಿನ ಗಾಳಿ ಪೂರ್ತಿ ಹೊರಬರದೆ ಎದೆಯಲ್ಲೇ ಸಿಕ್ಕಿಕೊಂಡು ರಕ್ತನಾಳಗಳನ್ನು ಅದುಮುತ್ತದೆ. ಹಾಗಾಗಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಒತ್ತಡ ಜಿಗಿಯುತ್ತದೆ, ಹೃದಯದ ಬಲಭಾಗ ಏಗಬೇಕಾಗುತ್ತದೆ. ಅದು ಸೋತಾಗ ಕಾಲು ಊದಿಕೊಳ್ಳುತ್ತದೆ.

ಇದೆಲ್ಲ ಅಳತೆಗೆ ಸಿಕ್ಕಿದ್ದು ಒಬ್ಬ ಯುವ ವೈದ್ಯನ ಎದೆಗಾರಿಕೆಯಿಂದ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದಲ್ಲಿ ಸಪೂರ ಕೊಳವೆಯನ್ನು ತಾನೇ ತೂರಿಸಿಕೊಂಡು, ಅದರ ತುದಿ ಹೃದಯ ಮುಟ್ಟಿದ್ದನ್ನು ತೋರಿಸಲು ಎಕ್ಸ್‌ರೇ ಕೋಣೆಗೆ ನಡೆದುಹೋದ. 1940ರ ದಶಕದಲ್ಲಿ ನ್ಯೂಯಾರ್ಕಿನ ಆಂಡ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಅದೇ ದಾರಿಯಲ್ಲಿ ಶ್ವಾಸಕೋಶದ ಅಪಧಮನಿಯವರೆಗೂ ತಲುಪಿದರು. 1956ರ ನೊಬೆಲ್ ಮೂವರಿಗೂ ಸಂದಿತು. ಆಮ್ಲಜನಕ ಕಡಿಮೆಯಾದರೆ ಶ್ವಾಸಕೋಶದ ರಕ್ತನಾಳ ಬಿಗಿಯುತ್ತದೆ ಎಂಬುದನ್ನು ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ತೋರಿಸಿದ್ದರು. ದಣಿದಾಗ ರೋಗಿಯ ಒತ್ತಡ ಏರುವುದು ಕಣ್ಣಿಗೇ ಕಂಡಮೇಲೆ 'ಕೂತಿರಿ' ಎಂಬ ಮಾತು ಇನ್ನಷ್ಟು ಸರಿಯೆನಿಸಿದ್ದರೆ ಅಚ್ಚರಿಯಿಲ್ಲ.

ಅದಕ್ಕೆ ಎದುರು ನಿಂತವರು ಅಮೆರಿಕದ ವೈದ್ಯರಾದ ಆಲ್ವನ್ ಬರಾಕ್, ಆಮೇಲೆ ಡೆನ್ವರಿನ ಥಾಮಸ್ ಪೆಟ್ಟಿ. ಇವರು ರೋಗಿಗಳಿಗೆ ಆಮ್ಲಜನಕ ಕೊಟ್ಟು ನಡೆಸಿದರು. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವವರು ದಿನಕ್ಕೆ 15 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಆಮ್ಲಜನಕ ಪಡೆದರೆ ಹೆಚ್ಚು ಕಾಲ ಬದುಕುತ್ತಾರೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಅಮೆರಿಕ, ಬ್ರಿಟನ್ನಿನ ಅಧ್ಯಯನಗಳು ಸ್ಥಿರಪಡಿಸಿದವು.

ಶ್ವಾಸಕೋಶದಲ್ಲಿ ಎಷ್ಟು ಒತ್ತಡವನ್ನು ರೋಗವೆನ್ನಬೇಕು ಎಂಬ ಗೆರೆಯೂ ಜಾರುತ್ತಾ ಬಂದಿದೆ. 1973ರಲ್ಲಿ ಜಿನೀವಾದಲ್ಲಿ ಸೇರಿದ ತಜ್ಞರು, ರೋಗಿ ವಿಶ್ರಾಂತಿಯಲ್ಲಿದ್ದಾಗ 25 ಮಿಲಿಮೀಟರ್ ಎಂದು ಗೆರೆ ಎಳೆದರು. ದಣಿದಾಗ 30 ಎಂಬ ಇನ್ನೊಂದು ಗೆರೆಯೂ ಬಳಕೆಯಲ್ಲಿತ್ತು. ವಯಸ್ಸಾದ ಆರೋಗ್ಯವಂತರೂ ಅದನ್ನು ದಾಟುವುದು ಕಂಡು 2008ರಲ್ಲಿ ಅದನ್ನು ಕೈಬಿಟ್ಟರು. 2018ರಲ್ಲಿ 25 ಹೋಗಿ 20 ಬಂತು. 2022ರ ಯುರೋಪಿನ ಮಾರ್ಗಸೂಚಿ ದಣಿವಿನ ಅಳತೆಯನ್ನು ಮರಳಿ ತಂದಿತು, ಆದರೆ ಬೇರೆ ರೀತಿಯಲ್ಲಿ: ರಕ್ತದ ಹರಿವು ನಿಮಿಷಕ್ಕೆ ಒಂದು ಲೀಟರ್ ಏರಿದಾಗ ಒತ್ತಡ ಎಷ್ಟು ಏರುತ್ತದೆ? 3 ಮಿಲಿಮೀಟರ್ ಮೀರಿದರೆ ಸಹಜವಲ್ಲ. ನನಗೆ ಇದೇ ನ್ಯಾಯವಾದ ಅಳತೆ ಎನಿಸುತ್ತದೆ. ನೀರೆಷ್ಟು ಬಂತೆಂದು ಕೇಳದೆ ನಾಲೆಯನ್ನು ದೂರುವುದು ತರವಲ್ಲ.

ಹಾಗಾದರೆ ವ್ಯಾಯಾಮ ಈ ಒತ್ತಡವನ್ನು ಇಳಿಸುತ್ತದೆಯೇ? ಹಾಗೆಂದು ಯಾರೂ ಭರವಸೆ ಕೊಡಲಾರರು. ಹರಿದ ಗಾಳಿಚೀಲ ಮತ್ತೆ ಕೂಡುವುದಿಲ್ಲ. ಲಾಭ ಸಿಗುವುದು ತೊಡೆಗಳಲ್ಲಿ. ಕೂತು ಕೂತು ಸೊರಗಿದ ಸ್ನಾಯು ಸ್ವಲ್ಪ ನಡೆದರೂ ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತದೆ, ಅದನ್ನು ನಿಭಾಯಿಸಲು ಉಸಿರು ಹೆಚ್ಚು ಬೇಕಾಗುತ್ತದೆ. ಕಾಲು ಪಳಗಿದರೆ ಅಷ್ಟೇ ದೂರಕ್ಕೆ ಕಡಿಮೆ ಉಸಿರು ಸಾಕು. ಉಸಿರು ಬಿಡಲು ಪುರಸೊತ್ತು ಸಿಗುತ್ತದೆ, ಎದೆಯಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಇದರ ಬದಲು ರಕ್ತನಾಳ ಹಿಗ್ಗಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವವರನ್ನು ಕಂಡಾಗ ನನಗೆ ಹೆದರಿಕೆಯಾಗುತ್ತದೆ. ಗಾಳಿ ಬಾರದ ಭಾಗಕ್ಕೂ ರಕ್ತ ನುಗ್ಗಿ, ಇದ್ದ ಆಮ್ಲಜನಕವೂ ಇಳಿಯಬಹುದು.

ಮಾವನನ್ನು ನಡೆಸುವ ಮೊದಲು ಆಸ್ಪತ್ರೆಯ 30 ಮೀಟರ್ ಓಣಿಯಲ್ಲಿ ಆರು ನಿಮಿಷ ನಡೆಸಿ ನೋಡಿದರು, ಹೃದಯದ ಎಕೋ ಮಾಡಿಸಿದರು. ಕಾಲು ಊದಿದವರು, ತಲೆ ಸುತ್ತಿ ಬಿದ್ದವರು, ನಡೆದರೆ ಎದೆನೋವು ಬರುವವರು ಈ ಪರೀಕ್ಷೆಯಿಲ್ಲದೆ ಹೊರಡಲೇಬಾರದು. ಈಗ ನಾವಿಬ್ಬರೂ ಬೆಳಗ್ಗೆ ಕುಂದವಾಡ ಕೆರೆಯ ದಂಡೆಗೆ ಹೋಗುತ್ತೇವೆ. ಮಾವ ದೀಪ ಆರಿಸುವವರ ಹಾಗೆ ತುಟಿ ಕೂಡಿಸಿ ನಿಧಾನವಾಗಿ ಉಸಿರು ಬಿಡುತ್ತಾರೆ. ಮೊದಲ ವಾರ ಒಂದನೆಯ ಬೆಂಚಿನವರೆಗೆ ಮಾತ್ರ ಹೋಗುತ್ತಿದ್ದರು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರ ಶೇಕಡಾ 88 ತೋರಿಸಿದರೆ ನಿಲ್ಲಬೇಕೆಂದು ವೈದ್ಯರು ಹೇಳಿದ್ದಾರೆ. ನಿನ್ನೆ ಮೂರನೆಯ ಬೆಂಚಿನ ಹತ್ತಿರ 91 ಇತ್ತು. ಮಾವ ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದು ತೋರಿಸಿದರು, ಕೂರಲಿಲ್ಲ.