ರಾಜಕಾಲುವೆಗೆ ಗೋಡೆ, ಕೆರೆಗೆ ಬೇಲಿ: ಬೆಂಗಳೂರಿನಲ್ಲಿ ಮಳೆನೀರಿನ ಹಣ ಹರಿದ ದಾರಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಬೆಂಗಳೂರಿನಲ್ಲಿ ಬಿದ್ದ ಮಳೆಯ ಒಂದು ಪಾಲು ವೃಷಭಾವತಿಯ ಮೂಲಕ ಅರ್ಕಾವತಿಗೂ ಮುಂದೆ ಕಾವೇರಿಗೂ ಸೇರಿದರೆ, ಉಳಿದದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳನ್ನು ಹಿಡಿದು ದಕ್ಷಿಣ ಪಿನಾಕಿನಿಯತ್ತ ಇಳಿಯುತ್ತದೆ. ಈ ಇಳಿಜಾರಿನುದ್ದಕ್ಕೂ ಹಿಂದಿನವರು ಕೆರೆ ಕಟ್ಟಿ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುವಂತೆ ಕಾಲುವೆ, ಅಂದರೆ ಇಂದಿನ ರಾಜಕಾಲುವೆ, ತೋಡಿದ್ದರು. ಹೂಳು, ತೂಬು, ಕೋಡಿಗಳೆಲ್ಲ ಅಚ್ಚುಕಟ್ಟಿನ ರೈತರು ಮತ್ತು ನೀರು ಹಂಚುತ್ತಿದ್ದ ನೀರುಗಂಟಿಗಳ ಜವಾಬ್ದಾರಿಯಾಗಿದ್ದವು. ಕೆರೆಗೊಂದು ಇಲಾಖೆ, ಕಾಲುವೆಗೊಂದು ಇಲಾಖೆ ಎಂಬ ಲೆಕ್ಕವಿರಲಿಲ್ಲ.

1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳಾಯಿ ನೀರು ಬಂದಂತೆಲ್ಲ ನಗರದ ಕಣ್ಣಿಗೆ ಕೆರೆಗಳು ಬರಿಯ ನಿವೇಶನವಾಗಿ ಕಾಣತೊಡಗಿದವು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲಿ ಉಳಿದ ಕೆರೆಗಳನ್ನು ಒಡೆಯಬಾರದೆಂದು ಶಿಫಾರಸು ಮಾಡಿತು. ಆದರೆ ಆಮೇಲೆ ನಡೆದದ್ದು ಸಂರಕ್ಷಣೆಗಿಂತ ಹೆಚ್ಚಾಗಿ ಹಂಚಿಕೆ: ಕೆರೆಗಳು ಅರಣ್ಯ ಇಲಾಖೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಪಾಲಿಕೆಗಳ ನಡುವೆ ಕೈಬದಲಾದವು, ರಾಜಕಾಲುವೆ ಪಾಲಿಕೆಯಲ್ಲುಳಿಯಿತು, ಕೊಳಚೆನೀರು ಜಲಮಂಡಳಿಯದಾಯಿತು. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಹಣದ ಚಿಂತೆ ನೀಗಿಸಿಕೊಳ್ಳಲು ಹೊರಟದ್ದು ಹೈಕೋರ್ಟಿನ ಮೆಟ್ಟಿಲೇರಿತು.

ಹಣವೂ ಇದೇ ಇಲಾಖಾವಾರು ಜಾಡಿನಲ್ಲಿ ಹರಿಯಿತು. 2005ರಲ್ಲಿ ಆರಂಭವಾದ, ನಗರಗಳ ಮೂಲಸೌಕರ್ಯಕ್ಕೆಂದೇ ಇದ್ದ ಜೆನರ್ಮ್ ಯೋಜನೆಯಡಿ ಕೇಂದ್ರದ ನೆರವು ಬಂದಾಗ ಮೊದಲು ಎದ್ದವು ಕಾಲುವೆಯ ಇಕ್ಕೆಲದ ಕಾಂಕ್ರೀಟ್ ಗೋಡೆಗಳು. ಗೋಡೆಯನ್ನು ಅಳೆಯಬಹುದು, ಬಿಲ್ ಮಾಡಬಹುದು, ಉದ್ಘಾಟಿಸಲೂಬಹುದು. ಕೊಳಚೆ ಸೇರುವ ನೂರಾರು ಬಾಯಿಗಳನ್ನು ಮುಚ್ಚುವ ಕೆಲಸಕ್ಕೆ ಆ ಸೌಕರ್ಯವಿಲ್ಲ. 2021ರಲ್ಲಿ ಮಂಡನೆಯಾದ ಮಹಾಲೇಖಪಾಲರ (ಸಿಎಜಿ) ವರದಿ, ಶತಮಾನದ ಹಿಂದೆ ಸುಮಾರು 113 ಕಿ.ಮೀ. ಇದ್ದ ಕೋರಮಂಗಲ ಕಣಿವೆಯ ಕಾಲುವೆಜಾಲ 2016–17ರ ವೇಳೆಗೆ ಸುಮಾರು 63 ಕಿ.ಮೀ.ಗೆ ಇಳಿದಿರುವುದನ್ನು ದಾಖಲಿಸಿತು. ಉಳಿದ ಕಾಲುವೆಗೆ ಎಷ್ಟೇ ಗಟ್ಟಿ ಗೋಡೆ ಕಟ್ಟಿದರೂ ಅಳಿದ ಕಾಲುವೆಯ ನೀರು ರಸ್ತೆಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಟೆಕಿಗಳು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದನ್ನು ದೇಶವೇ ನೋಡಿತು. ಆ ವರ್ಷ ರಾಜ್ಯ ಸರ್ಕಾರ ರಾಜಕಾಲುವೆಗಳಿಗೆ ಘೋಷಿಸಿದ ಮೊತ್ತ 1,500 ಕೋಟಿ ರೂಪಾಯಿ.

ಇನ್ನೊಂದು ಕಡೆ ಹಣ ಬಂದದ್ದು ನ್ಯಾಯಾಲಯದ ಬೆದರಿಕೆಗೆ. ನೊರೆ ಉಕ್ಕಿಸಿ, ಬೆಂಕಿಯನ್ನೂ ಕಂಡ ಬೆಳ್ಳಂದೂರು ಕೆರೆಯ ವಿಷಯದಲ್ಲಿ 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕ ಖಾತೆಯಲ್ಲಿ ಮೀಸಲಿಡುವಂತೆ ಸರ್ಕಾರಕ್ಕೆ ಆದೇಶಿಸಿತು. ಇದೇ ನ್ಯಾಯಮಂಡಳಿ 2016ರಲ್ಲಿ ಕೆರೆಯಂಚಿಗೆ ನಿಗದಿ ಮಾಡಿದ್ದ, ಕಟ್ಟಡ ಕಟ್ಟಬಾರದ 75 ಮೀಟರ್ ಮೀಸಲು ವಲಯವನ್ನು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿದ್ದರಿಂದ, ನಗರ ಯೋಜನೆಯಲ್ಲಿದ್ದ 30 ಮೀಟರ್ ಮಿತಿಯೇ ಮತ್ತೆ ಜಾರಿಗೆ ಬಂತು. ನೀರಿಗೆ ಹರಡಿಕೊಳ್ಳಲು ಜಾಗ ಬಿಡುವ ಅಗ್ಗದ ಉಪಾಯ ಹೀಗೆ ಕಿರಿದಾಯಿತು.

ನಗರದ ಉತ್ತರದ ಜಕ್ಕೂರಿನಲ್ಲಿ ಮಾತ್ರ ಕೆಲಸ ನೀರಿನ ಸಾಲಿನಲ್ಲೇ ನಡೆದಿದೆ: ಜಲಮಂಡಳಿಯ ಘಟಕದಲ್ಲಿ ಶುದ್ಧವಾದ ನೀರು ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಕೆರೆಗೆ ಸೇರುತ್ತದೆ. ಅದು ದೋಷವಿಲ್ಲದ್ದೇನಲ್ಲ, ಆದರೆ ಘಟಕ, ಜೌಗು, ಕೆರೆ ಮೂರನ್ನೂ ಒಂದೇ ಕೆಲಸವೆಂದು ಕಂಡ ಅಪರೂಪದ ಉದಾಹರಣೆ.

ಈಗ ವಿಶ್ವಬ್ಯಾಂಕ್ ನೆರವಿನ ಸುಮಾರು 3,000 ಕೋಟಿ ರೂಪಾಯಿಯ ಯೋಜನೆ ಮುಂದಿದೆ. ಅದರಲ್ಲಿಯೂ ಕಾಲುವೆಯ ಪಾಲು ಪಾಲಿಕೆಗೆ, ಕೊಳಚೆಯ ಪಾಲು ಜಲಮಂಡಳಿಗೆ. ಈ ನಡುವೆ 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಕೆ.ಆರ್. ಮಾರುಕಟ್ಟೆಯ ಕಡೆಯಿಂದ ಹೊರಡುವ ಕೋರಮಂಗಲ ಕಣಿವೆಯ ಕಾಲುವೆ ಕೇಂದ್ರ ಪಾಲಿಕೆಯಲ್ಲಿ ಹುಟ್ಟುತ್ತದೆ, ಅದು ಸೇರುವ ಬೆಳ್ಳಂದೂರು ಪೂರ್ವ ಪಾಲಿಕೆಯಲ್ಲಿದೆ. ಮೇಲಿನವರು ಮಾಡುವ ಖರ್ಚಿನ ಫಲ ಕೆಳಗಿನವರಿಗೆ ಸಿಗುವ ಇಂಥ ಕಡೆ ಯಾರ ಬಜೆಟ್ಟಿನಿಂದ ಎಷ್ಟು ಎಂಬುದನ್ನು ಇತ್ಯರ್ಥಪಡಿಸುವ ಹೊಣೆ ಇನ್ನು ಆ ಪ್ರಾಧಿಕಾರದ್ದು.