ಬಟ್ಟೆ ಗಂಟು ಕಟ್ಟುವ ಮೊದಲು

ಜೋರು ಮಳೆಯ ತಿಂಗಳಲ್ಲಿ ನನ್ನ ಬಳಿ ಬರುವವರು ಕಡಿಮೆ. ಮನೆಯಲ್ಲಿ ಹೊಡೆತ ಬಡಿತ ನಿಂತಿದೆ ಅಂತಲ್ಲ. ಕರೆಂಟ್ ಇರುವುದಿಲ್ಲ, ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ, ತೋಟದ ಒಳಗಿಂದ ರಸ್ತೆಗೆ ಬರುವುದೇ ಕಷ್ಟ. ಮಳೆ ಬಿಟ್ಟ ಮೇಲೆ ಶುಕ್ರವಾರದ ಸಂತೆ ನೆಪ ಮಾಡಿಕೊಂಡು ಮಡಿಕೇರಿಗೆ ಬರುತ್ತಾರೆ. ಕೈಯಲ್ಲಿ ಸಂತೆ ಚೀಲ, ಅದರ ತಳದಲ್ಲಿ ಎರಡು ಜೊತೆ ಬಟ್ಟೆ.

ಕಾನೂನು ನೆರವಿನ ವಕೀಲೆಯಾಗಿ ನಾನು ಮೊದಲು ಕೇಳುವುದು, 'ಮನೆ ಯಾರದ್ದು?' ಅಂತ. 'ಮಾವನ ಹೆಸರಲ್ಲಿದೆ ಮೇಡಂ, ನಂಗೇನು ಹಕ್ಕು?' ಅನ್ನುವವರೇ ಜಾಸ್ತಿ. ಅಲ್ಲೇ ಎಡವುವುದು. 2005ರ ಕೌಟುಂಬಿಕ ದೌರ್ಜನ್ಯ ಕಾನೂನಿನ 17ನೇ ಸೆಕ್ಷನ್ ಪ್ರಕಾರ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಹೆಂಗಸಿಗಿದೆ. ಪತ್ರ ಯಾರ ಹೆಸರಲ್ಲಿದೆ ಅನ್ನುವುದು ಬೇರೆ ಮಾತು. ಅತ್ತೆ ಮಾವನ ಮನೆಗೂ ಇದು ಅನ್ವಯಿಸಬಹುದು ಅಂತ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಜಮ್ಮಾ ಜಾಗದ ಕೂಡುಕುಟುಂಬದ ಮನೆಗಳಿರುವ ನಮ್ಮ ಜಿಲ್ಲೆಗೆ ಇದು ದೊಡ್ಡ ಮಾತು. ಇದು ಇರುವ ಹಕ್ಕು ಮಾತ್ರ, ಆಸ್ತಿಯಲ್ಲಿ ಪಾಲಲ್ಲ. ಈ ವ್ಯತ್ಯಾಸ ಗೊತ್ತಾದರೆ ಎಷ್ಟೋ ಮಾವಂದಿರ ಸಿಟ್ಟೂ ಇಳಿಯುತ್ತದೆ.

ತೋಟದ ಕೆಲಸಗಾರರು ಇರುವ ಲೈನ್ ಮನೆಯ ಕಥೆ ಬೇರೆ. ಮನೆ ತೋಟದ ಸಾಹುಕಾರರದ್ದು. ಗಂಡನ ಕೆಲಸ ಹೋದರೆ ಮನೆಯೂ ಹೋಗುತ್ತದೆ ಅಂತ ಹೆಂಗಸು ಬಾಯಿ ಮುಚ್ಚಿಕೊಂಡಿರುತ್ತಾಳೆ. ಬೇರೆ ಮನೆ ಮಾಡಿಕೊಡು ಇಲ್ಲವೇ ಬಾಡಿಗೆ ಕೊಡು ಅಂತ ಗಂಡನಿಗೆ ಆದೇಶಿಸಲು ಕೋರ್ಟಿಗೆ ಅಧಿಕಾರವಿದೆ. ಇದನ್ನು ಅರ್ಜಿಯಲ್ಲಿ ಕೇಳಲೇಬೇಕು. ಕೇಳದಿದ್ದರೆ ಯಾರೂ ಸುಮ್ನೆ ಕೊಡುವುದಿಲ್ಲ.

ಶುರು ಮಾಡುವುದು ಎಲ್ಲಿಂದ? ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾನೂನಿನಡಿ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರಿಗೆ ಅವರ ಆಫೀಸು ಗೊತ್ತಿರುತ್ತದೆ. ಆ ಅಧಿಕಾರಿ ನಡೆದದ್ದನ್ನೆಲ್ಲ ಬರೆದುಕೊಂಡು ಕೌಟುಂಬಿಕ ಘಟನಾ ವರದಿ ಮಾಡುತ್ತಾರೆ. ಅದು ಎಫ್‌ಐಆರ್ ಅಲ್ಲ, ಅದರಿಂದ ಯಾರೂ ಜೈಲಿಗೆ ಹೋಗುವುದಿಲ್ಲ. ಈ ಒಂದು ಮಾತು ಹೇಳಿದಾಗ ಎದುರಿಗೆ ಕೂತವರ ಮುಖ ಸಡಿಲವಾಗುವುದನ್ನು ನೋಡಿದ್ದೇನೆ. ಆದರೆ ಕೋರ್ಟಿನ ರಕ್ಷಣಾ ಆದೇಶ ಬಂದ ಮೇಲೂ ಕೈ ಎತ್ತಿದರೆ 1 ವರ್ಷದವರೆಗೆ ಜೈಲು ಆಗಬಹುದು. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನು ಹೇಳುತ್ತದೆ. ನಾನು ನಡೆಸಿದ ಕೇಸುಗಳಿಗೆ ಆ ಲೆಕ್ಕ ಅಷ್ಟಾಗಿ ಗೊತ್ತಿದ್ದಂತಿಲ್ಲ! ಅದಕ್ಕೇ ಕೇಸು ಮುಗಿಯುವ ಮೊದಲೇ ಸಿಗುವ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳುತ್ತೇನೆ. ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವೆಗಳ ಪ್ರಾಧಿಕಾರದ ನೆರವು ಉಚಿತ. ನಂಬರ್ 15100.

ರಾತ್ರಿಯೇ ಓಡಬೇಕಾಗಿ ಬಂದರೆ 112. ಸಲಹೆಗೆ ಮಹಿಳಾ ಸಹಾಯವಾಣಿ 181. ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಇರುವ ಸರ್ಕಾರದ ಸಖಿ ಕೇಂದ್ರದಲ್ಲಿ 5 ದಿನದವರೆಗೆ ಉಳಿಯಬಹುದು. ಸರ್ಕಾರಿ ಬಸ್ಸು ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ನಿಜ. ಆದರೆ ನಮ್ಮ ಒಳಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ವಾ? ಅಸ್ಸಾಮಿನಿಂದ ಕೆಲಸಕ್ಕೆ ಬಂದವಳ ಬಳಿ ಪುಕ್ಕಟೆ ಟಿಕೆಟ್‌ಗೆ ಬೇಕಾದ ಕರ್ನಾಟಕದ ವಿಳಾಸದ ಕಾರ್ಡೂ ಇರುವುದಿಲ್ಲ. ಸ್ವಲ್ಪ ಚಿಲ್ಲರೆ ಎತ್ತಿಟ್ಟುಕೊಂಡಿರಿ ಅಂತ ನಾನು ಹೇಳುವುದು ಇದಕ್ಕೇ.

ಕಳೆದ ವರ್ಷ ಅದೇ ಸಂತೆ ಚೀಲ ಹಿಡಿದು 19ರ ಒಬ್ಬಳು ಬಂದಿದ್ದಳು. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಮನೆಯವರು ಅವಳನ್ನು ಗಂಡುಮಗ ಅಂತಲೇ ಬೆಳೆಸಿದ್ದರು. ತಾನು ಹುಡುಗಿ ಅಂದಾಗ ಅಣ್ಣ ಬಲವಂತದಿಂದ ತಲೆ ಬೋಳಿಸಿದ್ದ. ಆಮೇಲೆ 'ಸರಿ ಮಾಡಿಸಲು' ಯಾರ್‍ಯಾರ ಬಳಿಗೋ ಕರೆದುಕೊಂಡು ಹೋಗಿದ್ದರು. ಇದು ಕಾಯಿಲೆಯೇ ಅಲ್ಲದ ಮೇಲೆ ಸರಿ ಮಾಡುವುದೇನು? ವೈದ್ಯರು ಇಂಥ 'ಚಿಕಿತ್ಸೆ' ಕೊಟ್ಟರೆ ಅದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ.

ಇಲ್ಲೂ ಮನೆಯದೇ ಪ್ರಶ್ನೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ಮನೆಯಿಂದಾಗಲಿ ಊರಿಂದಾಗಲಿ ಬಲವಂತವಾಗಿ ಹೊರಹಾಕುವುದು 2019ರ ಕಾನೂನಿನಲ್ಲಿ ಅಪರಾಧ. ಹೊಡೆಯುವುದೂ ಅಪರಾಧ. 18 ತುಂಬದ ಮಕ್ಕಳಾದರೆ 1098ಕ್ಕೆ ಫೋನ್ ಮಾಡಬೇಕು, ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. 18 ದಾಟಿದವರಿಗೆ ಕಾನೂನಿದೆ, ಕೈಹಿಡಿಯುವ ವ್ಯವಸ್ಥೆ ತೆಳು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ರಾಜ್ಯ ಕೊಡುವ ಮೈತ್ರಿ ಮಾಸಾಶನ ಶುರುವಾಗುವುದೇ 25ಕ್ಕೆ. ಮನೆಯಿಂದ ಹೊರಬೀಳುವ ವಯಸ್ಸು 17, 19. ನಡುವಿನ ವರ್ಷಗಳಲ್ಲಿ ಏನು ತಿನ್ನಬೇಕು? ಯೋಜನೆ ಬರೆದವರು ಇದನ್ನು ಯೋಚಿಸಿದ್ದರೆ ಚೆನ್ನಾಗಿತ್ತು. ರಾಜ್ಯದ ಸರ್ಕಾರಿ ನೇಮಕಾತಿಯಲ್ಲಿ ಇವರಿಗೆ ಶೇ. 1 ಮೀಸಲಾತಿ 2021ರಿಂದ ಇದೆ. ಅದಕ್ಕೆ ಜಿಲ್ಲಾಧಿಕಾರಿ ಕೊಡುವ ಗುರುತಿನ ಪತ್ರ ಬೇಕು, ಮಾರ್ಕ್ಸ್ ಕಾರ್ಡೂ ಬೇಕು.

ಅವಳ ಮಾರ್ಕ್ಸ್ ಕಾರ್ಡು ಅಣ್ಣನ ಬೀರುವಿನಲ್ಲಿತ್ತು. ಓಡಿಬರುವ ಗಡಿಬಿಡಿಯಲ್ಲಿ ಬಟ್ಟೆ ತಂದಿದ್ದಳು, ಕಾಗದ ಮರೆತಿದ್ದಳು. ಕೊನೆಗೆ ಒಬ್ಬ ಮಹಿಳಾ ಕಾನ್ಸ್‌ಟೇಬಲ್ ಜೊತೆ ನಾವಿಬ್ಬರೂ ಆ ಮನೆಗೆ ಹೋದೆವು. ಅಣ್ಣ ಬಾಗಿಲಲ್ಲೇ ನಿಂತಿದ್ದ. ಫೈಲು ತಂದು ಕೊಟ್ಟವರು ಅವಳ ಅಜ್ಜಿ. ಜೊತೆಗೆ ಒಂದು ಪೊಟ್ಟಣ ಕಾಫಿಪುಡಿ.