ನಾಬ್ ಅರ್ಧ ತಿರುಗಿಸಿದರೆ ವೇಗ ಅರ್ಧ ಆಗಬೇಕಲ್ವಾ?

ಆಟದ ಕಾರಿಗೆ ಸಾದಾ ಡಿಸಿ ಮೋಟರ್ ಹಾಕಿದರೆ ಒಂದು ತೊಂದರೆ ಇದ್ದೇ ಇದೆ. ಕರೆಂಟ್ ಕೊಟ್ಟರೆ ತಿರುಗುತ್ತದೆ ಸರಿ, ಎಷ್ಟು ತಿರುಗಿತು ಅಂತ ಲೆಕ್ಕ ಸಿಗುವುದಿಲ್ಲ. ಒಂದೇ ತರದ ಎರಡು ಮೋಟರ್ ತಂದರೂ ಒಂದು ಚೂರು ಜಾಸ್ತಿ ಓಡುತ್ತದೆ, ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಸ್ಟೆಪ್ಪರ್ ಮೋಟರ್ ಹಾಗಲ್ಲ. ಅದರೊಳಗಿನ ಸುರುಳಿಗಳಿಗೆ ಸರದಿಯ ಮೇಲೆ ಕರೆಂಟ್ ಕೊಡುತ್ತಾ ಹೋದರೆ, ನಡುವಿನ ಆಯಸ್ಕಾಂತ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ನೂರು ಹೆಜ್ಜೆ ಅಂದರೆ ನೂರೇ ಹೆಜ್ಜೆ.

ಹಾಸನದಲ್ಲಿ ಹೈಸ್ಕೂಲು ಓದುವ ನಮ್ಮ ಅಕ್ಕನ ಮಗ ವಿಜ್ಞಾನ ಪ್ರದರ್ಶನಕ್ಕೆ ಇಂಥದ್ದೇ ಕಾರು ಕಟ್ಟಿದ. 28ಬಿವೈಜೆ-48 ಅನ್ನುವ ಪುಟ್ಟ 5 ವೋಲ್ಟ್ ಮೋಟರ್ ಎರಡು, ಅವುಗಳ ಸುರುಳಿಗೆ ಕರೆಂಟ್ ಹಾಯಿಸುವ ಯುಎಲ್ಎನ್2003 ಡ್ರೈವರ್ ಬೋರ್ಡು, ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊ ಉನೊ ಒಂದು, ವೇಗ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ನಾಬ್, ಅಂದರೆ 10 ಕಿಲೋ ಓಮ್ ಪೊಟೆನ್ಶಿಯೋಮೀಟರ್. ಈ ಮೋಟರ್ ಒಳಗೆ ಗೇರ್ ಇರುವುದರಿಂದ ಹೊರಗಿನ ಕಡ್ಡಿ ಒಂದು ಸುತ್ತು ಬರಲು ಸುಮಾರು 2,048 ಹೆಜ್ಜೆ ಬೇಕು. 2 ಮಿಲಿಸೆಕೆಂಡಿಗೆ ಒಂದು ಹೆಜ್ಜೆ ಹಾಕಿಸಿದರೆ ಸುತ್ತಿಗೆ 4 ಸೆಕೆಂಡು. 65 ಮಿಲಿಮೀಟರ್ ವ್ಯಾಸದ ಚಕ್ರ ಹಾಕಿದರೆ ಗಾಡಿ ಸೆಕೆಂಡಿಗೆ 5 ಸೆಂಟಿಮೀಟರ್ ಹೋಗುತ್ತದೆ. ರೇಸಿಗೆ ಇದು ಆಗುವುದಿಲ್ಲ. ಹೇಳಿದಷ್ಟೇ ದೂರ ಹೋಗಿ ನಿಲ್ಲುವ ಗಾಡಿ ಬೇಕಾದರೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ನಿಧಾನವೇ ಸ್ಟೆಪ್ಪರ್‌ನ ಬಲ ಅಂತ ನೋಡಬೇಕಾದರೆ ನಮ್ಮೂರಿನ ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ, ನೆನಪಿಸಿಕೊಳ್ಳಿ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಇಸ್ರೋ 1982ರಿಂದ ಇಲ್ಲಿ ಕೂತು ನೋಡಿಕೊಳ್ಳುತ್ತಿದೆ. ಉಪಗ್ರಹದ ಮುಖ ಭೂಮಿಯ ಕಡೆಗೇ ಇರಬೇಕು, ಅದರ ಸೋಲಾರ್ ಫಲಕ ಮಾತ್ರ ಸೂರ್ಯನ ಕಡೆಗೆ ಇರಬೇಕು. ಹಾಗಾಗಿ ಫಲಕ ದಿನಕ್ಕೆ ಒಂದು ಸುತ್ತು ತಿರುಗಬೇಕು. ಇಂಥ ಕೆಲಸಕ್ಕೆ ಉಪಗ್ರಹಗಳಲ್ಲಿ ಸ್ಟೆಪ್ಪರ್ ಮೋಟರ್ ಬಳಸುವ ರೂಢಿ ಇದೆ. ಹುಡುಗನ ಕಾರಿನ ಮೋಟರಿಗೆ ಆ ವೇಗ ಕೊಟ್ಟರೆ ಅದು 42 ಸೆಕೆಂಡಿಗೆ ಒಂದು ಹೆಜ್ಜೆ ಹಾಕಬೇಕಾಗುತ್ತದೆ, ಹಾಕುತ್ತದೆ ಕೂಡ.

ಈಗ ನಾಬ್ ವಿಷಯ. ಪೊಟೆನ್ಶಿಯೋಮೀಟರಿಗೆ ಮೂರು ಕಾಲು. ಆಚೀಚಿನ ಎರಡಕ್ಕೆ 5 ವೋಲ್ಟ್ ಮತ್ತು ಗ್ರೌಂಡ್, ನಡುವಿನದು ವೋಲ್ಟೇಜ್ ಅಳೆಯುವ ಆರ್ಡುಯಿನೊದ ಅನಲಾಗ್ ಪಿನ್ನಿಗೆ. ನಾಬ್ ತಿರುಗಿಸಿದ ಹಾಗೆ 0ಯಿಂದ 1023ರವರೆಗೆ ಅಂಕಿ ಬರುತ್ತದೆ. ಹುಡುಗ ಆ ಅಂಕಿಯನ್ನು ಸೀದಾ ಹೆಜ್ಜೆಗಳ ನಡುವಿನ ಸಮಯಕ್ಕೆ ಜೋಡಿಸಿದ್ದ. ಒಂದು ತುದಿಯಲ್ಲಿ 20 ಮಿಲಿಸೆಕೆಂಡು, ಇನ್ನೊಂದು ತುದಿಯಲ್ಲಿ 2. ಓಡಿತು. ಆಮೇಲೆ ಕೇಳಿದ, "ಮಾಮ, ನಾಬ್ ಅರ್ಧ ತಿರುಗಿಸಿದ್ರೆ ಸ್ಪೀಡ್ ಅರ್ಧ ಆಗ್ಬೇಕಲ್ವಾ? ಇದು ಕೊನೇವರೆಗೂ ತೆವಳಿ ಆಮೇಲೆ ಒಮ್ಮೆಲೇ ನುಗ್ತದೆ."

ಅವನು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. ನಾಬ್ ನಡುವಿನಲ್ಲಿ ಇದ್ದಾಗ ಸಮಯ 11 ಮಿಲಿಸೆಕೆಂಡು. ಅಂದರೆ ಸೆಕೆಂಡಿಗೆ 91 ಹೆಜ್ಜೆ. ಪೂರ್ತಿ ವೇಗ 500 ಹೆಜ್ಜೆ. ಅರ್ಧ ತಿರುಗಿಸಿದರೂ ವೇಗ ಐದರಲ್ಲಿ ಒಂದು ಪಾಲೂ ಇಲ್ಲ! 20ರಿಂದ 18 ಮಿಲಿಸೆಕೆಂಡಿಗೆ ಬಂದರೆ ಸೆಕೆಂಡಿಗೆ ಆರು ಹೆಜ್ಜೆಯೂ ಹೆಚ್ಚುವುದಿಲ್ಲ. ಅಷ್ಟೇ ತಿರುಗಿಸಿ 4ರಿಂದ 2ಕ್ಕೆ ಬಂದರೆ 250 ಹೆಜ್ಜೆ ಹೆಚ್ಚುತ್ತದೆ. ವೇಗ ಮತ್ತು ಸಮಯ ಒಂದಕ್ಕೊಂದು ಉಲ್ಟಾ. ಆದ್ದರಿಂದ ನಾಬಿನ ಅಂಕಿಯನ್ನು ಮೊದಲು ವೇಗಕ್ಕೆ ಜೋಡಿಸಬೇಕು, 50ರಿಂದ 500 ಹೆಜ್ಜೆ ಅಂತ. ಆಮೇಲೆ 10 ಲಕ್ಷವನ್ನು ಆ ವೇಗದಿಂದ ಭಾಗಿಸಿದರೆ ಎರಡು ಹೆಜ್ಜೆಗಳ ನಡುವಿನ ಮೈಕ್ರೋಸೆಕೆಂಡು ಸಿಗುತ್ತದೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿತು, ನಾಬ್ ಕೈಗೆ ಸಿಕ್ಕಿತು.

ಇನ್ನೊಂದು ಕಡೆಯೂ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಆರ್ಡುಯಿನೊ ಜೊತೆ ಬರುವ ಸ್ಟೆಪ್ಪರ್ ಲೈಬ್ರರಿಗೆ (ಮೊದಲೇ ಬರೆದಿಟ್ಟ ಪ್ರೋಗ್ರಾಮಿನ ತುಣುಕು) ಒಂದು ಸುತ್ತು ಹೋಗು ಅಂದರೆ ಅದು ಮುಗಿಯುವವರೆಗೆ ಬೇರೆ ಏನನ್ನೂ ನೋಡುವುದಿಲ್ಲ. ನೀವು ನಾಬ್ ತಿರುಗಿಸುತ್ತಲೇ ಇರುತ್ತೀರಿ, ಗಾಡಿ ಕೇಳಿಸಿಕೊಳ್ಳುವುದಿಲ್ಲ. ಒಂದೊಂದೇ ಹೆಜ್ಜೆ ಹಾಕಿಸಿ, ನಡುನಡುವೆ ನಾಬ್ ಓದಿಸಿ. ಓದುವುದಕ್ಕೆ ಹಿಡಿಯುವುದು ಸುಮಾರು 100 ಮೈಕ್ರೋಸೆಕೆಂಡು, ಏನೂ ನಷ್ಟವಿಲ್ಲ. ಮೋಟರ್ ತಿರುಗದೆ ಸುಮ್ನೆ ಗುಂಯ್ ಅಂತಿದ್ದರೆ ಪಿನ್ನುಗಳ ಕ್ರಮ ನೋಡಿ. ಈ ಮೋಟರಿಗೆ ಲೈಬ್ರರಿಯಲ್ಲಿ 1, 3, 2, 4 ಅಂತ ಬರೆಯಬೇಕು.

ನಾಬನ್ನು ಥಟ್ಟನೆ ತುದಿಗೆ ತಿರುಗಿಸಿದರೆ ಮೋಟರ್ ಹೆಜ್ಜೆ ತಪ್ಪಬಹುದು. ತಪ್ಪಿದ್ದು ಪ್ರೋಗ್ರಾಮಿಗೆ ಗೊತ್ತಾಗುವುದೇ ಇಲ್ಲ, ಅದು ಲೆಕ್ಕ ಮುಂದುವರಿಸುತ್ತದೆ. ಅದಕ್ಕೇ ನಾಬ್ ಕೇಳಿದ ವೇಗಕ್ಕೆ ಒಮ್ಮೆಲೇ ಹಾರದೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಆಕ್ಸೆಲ್‌ಸ್ಟೆಪ್ಪರ್ ಅನ್ನುವ ಲೈಬ್ರರಿಯಲ್ಲಿ ಇದಕ್ಕೆ ಬೇಕಾದ ಲೆಕ್ಕವೆಲ್ಲ ಇದೆ.

ಮೋಟರಿನ ಕರೆಂಟನ್ನು ಆರ್ಡುಯಿನೊ ಬೋರ್ಡಿನಿಂದ ಎಳೆಯಬೇಡಿ. ಎರಡು ಮೋಟರ್ ಸೇರಿ ಸುಮಾರು 400 ಮಿಲಿಆಂಪ್ ಬೇಕಾಗುತ್ತದೆ. ಬೇರೆ 5 ವೋಲ್ಟ್ ಕೊಟ್ಟು, ಗ್ರೌಂಡ್ ಮಾತ್ರ ಎರಡಕ್ಕೂ ಸೇರಿಸಿ. ಹಿಂದಕ್ಕೂ ಓಡಿಸುವ ಆಸೆಯಿದ್ದರೆ ನಾಬಿನ ನಡುವನ್ನು ಸೊನ್ನೆ ಮಾಡಿ, 512ರ ಆಚೀಚೆ ಇಪ್ಪತ್ತು ಅಂಕಿಯನ್ನು ನಿಲ್ಲುವುದಕ್ಕೆ ಅಂತ ಬಿಡಿ. ಇಲ್ಲದಿದ್ದರೆ ಓದುವಾಗ ಬರುವ ಒಂದೆರಡು ಅಂಕಿಯ ನಡುಕಕ್ಕೇ ಗಾಡಿ ಹಿಂದೆ ಮುಂದೆ ಆಡುತ್ತದೆ. ನಿಂತಾಗ ಪ್ರತಿ ಮೋಟರಿನ ನಾಲ್ಕೂ ಪಿನ್ ಆಫ್ ಮಾಡಿ. ಸ್ಟೆಪ್ಪರ್ ನಿಂತಿದ್ದರೂ ಸುರುಳಿಯಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಮೋಟರ್ ಬಿಸಿಯಾಗುತ್ತದೆ.